ತೋಳದ ಕತ್ತು

ಕಾಡಿಗೆ ಇನ್ನೂ ಬೇಲಿ ಬಾರದ ಕಾಲದಲ್ಲಿ ದೇವರು ಒಂದು ಸಂಜೆ ಹೊಳೆಯ ದಂಡೆಯ ಮೇಲೆ ಕೂತು ಪ್ರಾಣಿಗಳಿಗೆಲ್ಲ ಕತ್ತು ಹಂಚುತ್ತಿದ್ದನಂತೆ. ಸಾಲಿನಲ್ಲಿ ನಿಂತ ಒಂದೊಂದಕ್ಕೂ ಒಂದೇ ಪ್ರಶ್ನೆ: ನೀನು ನೋಡಲಾರದ ದಿಕ್ಕು ಯಾವುದಾದರೂ ಇದೆಯೇ? ಗೂಬೆ ಇಲ್ಲವೆಂದಿತು, ಅದಕ್ಕೆ ಸುತ್ತಲೂ ತಿರುಗುವ ಕತ್ತು ಸಿಕ್ಕಿತು. ಬಾತು ನನಗೆ ಬೇಲಿಯಾಚೆಯದೂ ಕಾಣಬೇಕು ಎಂದಿತು, ಅದಕ್ಕೆ ಉದ್ದನೆಯದು. ಬೇಲಿಯೇ ಇಲ್ಲದ ಕಾಲದಲ್ಲಿ ಬೇಲಿಯಾಚೆ ಅಂದರೇನು ಎಂದು ಕೇಳಿದವರಿಗೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ತೋಳದ ಸರದಿ ಬಂದಾಗ ಅದು ಬಹಳ ಹೊತ್ತು ನೆಲ ನೋಡುತ್ತಾ ನಿಂತು, ಕೊನೆಗೆ ‘ಎಡಗಡೆ’ ಎಂದಿತಂತೆ. ದೇವರು ಏಕೆ ಎಂದು ಕೇಳಲಿಲ್ಲ. ಮರದ ದಿಮ್ಮಿಯಂಥ ಒಂದು ಕತ್ತನ್ನು ಆರಿಸಿ ಕೊಟ್ಟು ಕಳಿಸಿದ. “ಎಡಗಡೆ ಏನಿತ್ತಜ್ಜೀ?” ಎಂದು ಆರು ವರ್ಷದ ಅರ್ಲಾ, ಕೌದಿಯನ್ನು ಬಿಗಿದು ಹೊಲಿಯುವ ಚೌಕಟ್ಟಿನ ಕೆಳಗೆ, ಹೆಂಗಸರ ಮಂಡಿಗಳ ನಡುವೆ ಕೂತು ಕೇಳುತ್ತಿದ್ದಳು. ಮೇಲಿನಿಂದ ಸಲೋಮಿ ಅಜ್ಜಿಯ ದನಿ ಬರುತ್ತಿತ್ತು: “ಅದು ತೋಳಕ್ಕೆ ಗೊತ್ತು.” “ಮತ್ತೆ ಯಾವಾಗ್ಲಾದ್ರೂ ನೋಡಲೇಬೇಕು ಅಂತ ಬಂದ್ರೆ?” “ಬಂದ್ರೇನು, ಇಡೀ ಮೈ ತಿರುಗಿಸ್ಬೇಕು. ಸುಲಭ ಅಲ್ಲ ನೋಡು, ಅದಕ್ಕೇ ಬಹಳ ತೋಳಗಳು ತಿರುಗೋದೇ ಇಲ್ಲ.”

ಎಷ್ಟೋ ವರ್ಷದ ಮೇಲೆ, ಒಂದು ಗುರುವಾರ ಬೆಳಿಗ್ಗೆ ಎಚ್ಚರವಾದಾಗ ಅರ್ಲಾಳ ಕತ್ತು ಎಡಕ್ಕೆ ತಿರುಗಲಿಲ್ಲ. ಮೊದಲು ಅವಳಿಗೆ ಅದು ನೋವೆಂದೇ ಅನಿಸಲಿಲ್ಲ. ಹೊರಗೆ ಯಾರದೋ ಹೊಲಕ್ಕೆ ಗೊಬ್ಬರ ಹೊಡೆಯುವ ಟ್ರ್ಯಾಕ್ಟರಿನ ಸದ್ದಿತ್ತು, ಅದು ಎಡಗಡೆಯ ಕಿಟಕಿಯಿಂದ ಬರುತ್ತಿತ್ತು, ನೋಡೋಣವೆಂದು ತಲೆ ಹೊರಳಿಸಿದಳು. ತಲೆ ಹೊರಳಲಿಲ್ಲ, ಅಷ್ಟೆ. ಬಾಗಿಲಿಗೆ ಒಳಗಿನಿಂದ ಯಾರೋ ಅಗುಳಿ ಹಾಕಿದ ಹಾಗೆ. ಇನ್ನೊಮ್ಮೆ ನೂಕಿದಾಗ ಕಿವಿಯ ಹಿಂದಿನಿಂದ ಭುಜದ ಎಲುಬಿನವರೆಗೆ ಒಂದು ಗೆರೆ ಹೊತ್ತಿಕೊಂಡಿತು. ಅವಳು ಹಾಗೇ ಮಲಗಿ ಚಾವಣಿ ನೋಡಿದಳು. ಸಂಜೆ ನಾಲ್ಕಕ್ಕೆ ಕೌದಿಯನ್ನು ಹರಾಜಿಗೆ ಒಯ್ಯುವ ಟ್ರಕ್ಕು ಬರುತ್ತದೆ. ಇವತ್ತು ಬೆಳಿಗ್ಗೆಯ ಬದಲು ಎರಡಕ್ಕೆ ಹೆಂಗಸರು ಬರುತ್ತಾರೆ, ಅಂಚಿನ ಕೊನೆಯ ಸಾಲು ಮುಗಿಸಿ ಕೌದಿಯನ್ನು ಚೌಕಟ್ಟಿನಿಂದ ಬಿಡಿಸುತ್ತಾರೆ. ಅದಕ್ಕೆ ಮೊದಲು, ಊಟವಾಗಿ ಅಜ್ಜಿ ಮಲಗುವ ಒಂದು ಗಂಟೆಯಲ್ಲಿ, ಇವಳು ನಾಲ್ಕನೆಯ ಮೂಲೆಯಲ್ಲಿ ಅಜ್ಜಿ ಹೊಲಿದ ಗರಿಗಳ ಬಳೆಯ ಉಳಿದ ಅರ್ಧವನ್ನು ಬಿಚ್ಚಿ ಮತ್ತೆ ಹೊಲಿಯಬೇಕು. ನಿನ್ನೆಯೇ ಆಗಬೇಕಿತ್ತು. ನಿನ್ನೆ, ಹೊಲಿಯುವವರೆಲ್ಲ ಚಿಕ್ಕಮ್ಮ ಎನ್ನುವ ವರ್ನೆಲ್ಡಾ ರಾತ್ರಿಯೂಟದವರೆಗೂ ಚೌಕಟ್ಟು ಬಿಟ್ಟು ಎದ್ದಿರಲಿಲ್ಲ, ಬೇಕೆಂತಲೇ ಎದ್ದಿಲ್ಲವೇನೋ ಎಂದು ಅವಳಿಗೆ ಅನಿಸಿತ್ತು.

ಅಡುಗೆಮನೆಯಲ್ಲಿ ಅಜ್ಜಿ ಆಗಲೇ ಕೂತಿದ್ದಳು, ಯಾವಾಗಿನಂತೆ ಮೇಜಿನ ಎಡತುದಿಯಲ್ಲಿ. ಎಂಬತ್ನಾಲ್ಕು ವರ್ಷದ ತಲೆಯ ಮೇಲೆ ಪ್ರಾರ್ಥನೆಗೆಂದು ಹಾಕುವ, ಇಸ್ತ್ರಿ ಮಾಡಿದ ಬಿಳಿ ಬಲೆಟೊಪ್ಪಿ. ಅವಳ ಕಣ್ಣಿನ ನಡುಭಾಗ ಎರಡು ವರ್ಷದಿಂದ ಮಂಜಾಗಿತ್ತು. ನೇರ ನೋಡಿದರೆ ಎದುರಿನವರು ಇರುವುದಿಲ್ಲ. ಮುಖವನ್ನು ಪಕ್ಕಕ್ಕೆ ಹೊರಳಿಸಿ, ಬೇರೆಲ್ಲೋ ನೋಡುವಂತೆ ನೋಡಿದರೆ ಕಣ್ಣಂಚಿನಲ್ಲಿ ಮೂಡುತ್ತಾರೆ. ಹೊಸಬರಿಗೆ ಅದು ಉಪೇಕ್ಷೆಯಂತೆ ಕಾಣುತ್ತಿತ್ತು. “ಏನೇ, ದಿಂಬು ನುಂಗಿದವಳ ಹಾಗೆ ನಡೀತಿದೀಯ?” ಎಂದಳು ಅಜ್ಜಿ, ಒಲೆಯ ಕಡೆ ಮುಖ ಮಾಡಿ.

“ಕತ್ತು ಹಿಡ್ಕೊಂಡಿದೆ.”

“ಕಿಟಕಿ ತೆಗೆದು ಮಲಗಿದ್ಯಲ್ಲ, ಅದಕ್ಕೇ. ಮೇ ತಿಂಗಳ ಗಾಳಿ ಮಲಗಿದವರನ್ನೇ ಹುಡುಕ್ಕೊಂಡು ಬರುತ್ತೆ. ಯಾವ ಕಡೆ?”

“ಎಡ.”

“ಅಂದ್ರೆ ನನ್ನ ಕಡೆ,” ಎಂದು ಅಜ್ಜಿ ನಕ್ಕಳು. ಅರ್ಲಾ ಕೈಯಲ್ಲಿದ್ದ ಬ್ರೆಡ್ಡಿಗೆ ಸೇಬಿನ ಗೊಜ್ಜನ್ನು ಅಂಚಿನವರೆಗೂ, ಅಂಚು ದಾಟಿ ಬೆರಳಿಗೂ ಹಚ್ಚಿಕೊಂಡಳು. “ಪಟ್ಟಣಕ್ಕೆ ಹೋಗಿ ಕತ್ತು ಬೆನ್ನು ನೀವೋ ಆ ಡಾರ್ಸಿಗೆ ತೋರಿಸ್ಕೊಂಡು ಬಾ. ಇವತ್ತು ಕೌದಿ ಬಿಡಿಸೋ ದಿನ. ಮರದ ಗೊಂಬೆ ಹಾಗೆ ನಿಂತಿರ್ತೀಯೇನು ಎಲ್ಲರ ಮುಂದೆ?” ಬೇಡ, ಕೆಲಸವಿದೆ ಎನ್ನಲು ಬಾಯಿ ತೆರೆದಳು. ಯಾವ ಕೆಲಸ ಎಂದು ಅಜ್ಜಿ ಕೇಳುತ್ತಿದ್ದಳು. ಬಾಯಿಗೆ ಬ್ರೆಡ್ಡು ತುರುಕಿಕೊಂಡಳು.

ಡಾರ್ಸಿಯ ಕೋಣೆಯಲ್ಲಿ ಗೋಡೆಯ ಮೇಲೆ ಒಬ್ಬ ಮನುಷ್ಯನ ಬೆನ್ನು ಸುಲಿದು ತೋರಿಸುವ ಚಿತ್ರವಿತ್ತು. ಕೆಂಪು ಸ್ನಾಯುಗಳು ಹೆಣೆದ ಜಡೆಯ ಹಾಗೆ ತಲೆಬುರುಡೆಯಿಂದ ಇಳಿದು ಭುಜಕ್ಕೆ ಹರಡಿದ್ದವು. ಹಿಂದಿನಿಂದ ತೆರೆದಿರುವ ತೆಳು ಅಂಗಿ ಹಾಕಿಕೊಂಡು, ಕಾಲುಚೀಲದ ಹೆಬ್ಬೆರಳಿನ ತೂತು ಕಾಣದಂತೆ ಪಾದದ ಮೇಲೆ ಪಾದವಿಟ್ಟು, ಅರ್ಲಾ ಎತ್ತರದ ಮಂಚದ ಮೇಲೆ ಕೂತಳು. ಕೌದಿಗೆ ಅಂಗುಲಕ್ಕೆ ಹನ್ನೆರಡು ಹೊಲಿಗೆ ಹಾಕುವ ತನಗೆ ಕಾಲುಚೀಲದ ತೂತು ಹೊಲಿದುಕೊಳ್ಳಲು ಆಗಲಿಲ್ಲವೆಂದು ಈ ಹೆಂಗಸು ತಿಳಿದಾಳೆಂದು ನಾಚಿಕೆಯಾಯಿತು. “ಬಿದ್ರಾ?” ಎಂದಳು ಡಾರ್ಸಿ. ಇಲ್ಲ. “ಕಾರಿಗೆ ಹಿಂದಿನಿಂದ ಯಾರಾದ್ರೂ ಗುದ್ದಿದ್ರಾ, ಈಗಲ್ಲ, ಯಾವಾಗ್ಲಾದ್ರೂ?” ಇಲ್ಲ. “ಜ್ವರ? ಜೋರು ತಲೆನೋವು? ಕೈ ಜೋಮು ಹಿಡಿಯೋದು, ಕೈಲಿದ್ದ ಲೋಟ ಜಾರೋದು?” ಇಲ್ಲ, ಇಲ್ಲ. “ಒಳ್ಳೇದು. ಅವಿದ್ದಿದ್ರೆ ನಾನು ಮುಟ್ತಾನೇ ಇರ್ಲಿಲ್ಲ, ಸೀದಾ ಆಸ್ಪತ್ರೆಗೆ ಕಳಿಸ್ತಿದ್ದೆ. ನಿಮ್ಮ ಚರ್ಚಿನ ಸಭೆಯ ಹೆಂಗಸ್ರು ಪ್ರತಿ ಮೇ ತಿಂಗಳು ಬರ್ತಾರೆ ನನ್ನತ್ರ, ಹರಾಜಿಗೆ ಮುಂಚೆ. ನಾನಿದಕ್ಕೆ ಕೌದಿ ಕಾಯಿಲೆ ಅಂತಾನೇ ಹೆಸರಿಟ್ಟಿದೀನಿ.”

ತಣ್ಣಗಿನ ಎರಡು ಹೆಬ್ಬೆರಳು ಕತ್ತಿನ ಬುಡದಲ್ಲಿ ಏನನ್ನೋ ಹುಡುಕತೊಡಗಿದವು. ಡಾರ್ಸಿ ಹುಡುಕುತ್ತಲೇ ಮಾತಾಡುತ್ತಿದ್ದಳು, ರೈತ ಹಸುವಿನ ಹತ್ತಿರ ಮಾತಾಡುವ ಹಾಗೆ. ತಲೆ ಅಂದ್ರೆ ಐದು ಕಿಲೋ ಆಲೂಗಡ್ಡೆ ಚೀಲ ಅಂದ್ಕೊಳ್ಳಿ. ನೆಟ್ಟಗಿದ್ರೆ ಎಲುಬು ಹೊರುತ್ತೆ, ಬಗ್ಗಿದ್ರೆ ಈ ಬಡಪಾಯಿ ಸ್ನಾಯುಗಳು ಹೊರಬೇಕು. ಫೋನು ನೋಡೋರು, ಹಲ್ಲಿನ ಡಾಕ್ಟರು, ಹಾಲು ಕರೆಯೋರು, ಹೊಲಿಯೋರು, ಎಲ್ಲರದೂ ಒಂದೇ ಕಥೆ. ದಿಂಬು ಎತ್ತರ ಆದ್ರೂ ಬರುತ್ತೆ, ಸೋಫಾ ಮೇಲೆ ನಿದ್ದೆ ಹೋದ್ರೂ ಬರುತ್ತೆ. ವಯಸ್ಸಾದೋರಿಗೆ ಎಲುಬು ಸವೆದು ಬರುತ್ತೆ, ನಿಮಗೆ ಅದಲ್ಲ. “ಕಿಟಕಿ ಗಾಳಿಗೆ?” ಎಂದಳು ಅರ್ಲಾ. ಹೌದೆಂದುಬಿಡಲಿ ಎಂದು ಅವಳಿಗೆ ಆಸೆಯಿತ್ತು. “ಎಲ್ಲಾ ಅಜ್ಜಿಯರೂ ಹಾಗೇ ಅಂತಾರೆ. ಗಾಳಿಗಿಂತ ಜಾಸ್ತಿ ಜನರ ಕತ್ತು ಹಿಡ್ಕೊಳ್ಳೋದು ಚಿಂತೆಗೆ. ಹೆದರಿದ ಬೆಕ್ಕು ನೋಡಿದೀರಲ್ಲ, ಭುಜ ಕಿವಿ ತನಕ ಎತ್ಕೊಂಡಿರುತ್ತೆ. ನಾವೂ ಹಾಗೇ ಎತ್ಕೊಂಡಿರ್ತೀವಿ, ನಮಗೇ ಗೊತ್ತಿರಲ್ಲ. ನೀವೀಗ ಎತ್ಕೊಂಡಿದೀರಿ. ಇಳಿಸಿ.” ಅರ್ಲಾ ಇಳಿಸಿದಳು. ತಾನು ಇಳಿಸಿದ ದೂರ ನೋಡಿ ಅವಳಿಗೇ ಗಾಬರಿಯಾಯಿತು.

“ಇದು ಬರೀ ಬಗ್ಗಿದ್ದಲ್ಲ,” ಎಂದು ಹೆಬ್ಬೆರಳು ಒಂದು ಗಂಟಿನ ಮೇಲೆ ನಿಂತಿತು. “ಬಗ್ಗಿ, ಎಡಕ್ಕೆ ತಿರುಚ್ಕೊಂಡು ಕೂತಿದೀರಿ. ಒಂದು ದಿನ ಅಲ್ಲ, ವಾರಗಟ್ಟಲೆ. ಎಡಗಡೆ ಏನಿದೆ?”

“ಕಿಟಕಿ,” ಎಂದಳು ಅರ್ಲಾ.

“ಕಿಟಕಿ ನೋಡ್ತಾ ಯಾರೂ ತಲೆ ಬಗ್ಗಿಸಲ್ಲ. ಕೆಲಸ ಎಡಗಡೆ ಇದೆ, ನೀವು ಬಲಗಡೆ ಕೂತಿದೀರಿ. ಅಲ್ವಾ? ಕುರ್ಚಿ ಎತ್ಕೊಂಡು ಕೆಲಸದ ಎದುರಿಗೇ ಹಾಕ್ಕೊಳ್ಳೋಕೇನು ಕಷ್ಟ?”

ಅವಳು ಗೋಡೆಯ ಮೇಲಿನ ಸುಲಿದ ಬೆನ್ನನ್ನು ನೋಡಿದಳು. ಎದುರಿಗೆ ಹಾಕಿಕೊಳ್ಳುವುದೆಂದರೆ ಅಜ್ಜಿಯ ಜಾಗದಲ್ಲಿ ಕೂರುವುದು. ಚೌಕಟ್ಟಿನ ಸುತ್ತ ಎಂಟು ಕುರ್ಚಿ, ಯಾರದು ಯಾವುದೆಂದು ಹೆಸರು ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ. ಅಜ್ಜಿಯದು ಮೂಲೆ. ನಲವತ್ತು ವರ್ಷದಿಂದ ಸಭೆಯ ಎಲ್ಲ ಕೌದಿಗಳ ಮೂಲೆಯ ಬಿಳಿ ಬಟ್ಟೆಯ ಮೇಲೆ ಗರಿಗಳ ಬಳೆ ಹೊಲಿಯುವುದು ಅವಳ ಕೆಲಸ, ಗರಿಯ ಬೆನ್ನಿನಲ್ಲಿ ಅಂಗುಲಕ್ಕೆ ಹನ್ನೆರಡು, ಬಟ್ಟೆಯ ಮೇಲೂ ಹನ್ನೆರಡು, ಅಡಿಯಲ್ಲೂ ಹನ್ನೆರಡು. ಅರ್ಲಾಳದು ಅವಳ ಬಲಕ್ಕೆ. ಏಪ್ರಿಲ್ ಮೊದಲ ವಾರದ ಒಂದು ಮಧ್ಯಾಹ್ನ, ಅಜ್ಜಿ ಮಲಗಿದ್ದಾಗ, ಕತ್ತರಿ ಹುಡುಕಲು ಬಂದವಳು ಮೊದಲ ಮೂಲೆಯ ಬಳೆಯನ್ನು ನೋಡಿದ್ದಳು. ಗರಿಗಳು ಕೋಳಿಯ ಹೆಜ್ಜೆಗಳಾಗಿದ್ದವು. ಹೊಲಿಗೆಗಳು ಎಷ್ಟು ದೊಡ್ಡವೆಂದರೆ, ಸೂಜಿ ಹಿಡಿಯಲು ಕಲಿಯುವ ಹುಡುಗಿಯರನ್ನು ರೇಗಿಸಲು ಅಜ್ಜಿಯೇ ಹೇಳುತ್ತಿದ್ದ ಮಾತು ನೆನಪಿಗೆ ಬಂತು: ಹೊದ್ದು ಮಲಗಿದರೆ ಕಾಲ್ಬೆರಳು ಸಿಕ್ಕಿಕೊಳ್ಳುತ್ತೆ ಕಣೇ. ಇದೊಂದು ಸಲ ಎಂದುಕೊಂಡು ಬಿಚ್ಚಿದ್ದಳು. ಕೂತದ್ದು ತನ್ನ ಕುರ್ಚಿಯಲ್ಲೇ, ಯಾರಾದರೂ ಥಟ್ಟನೆ ಬಂದರೆ ತನ್ನ ಸಾಲನ್ನೇ ಹೊಲಿಯುತ್ತಿರುವಂತೆ ಕಾಣಲೆಂದು. ಮೈ ಇಲ್ಲಿ, ಕತ್ತು ಅಲ್ಲಿ. ಆರು ವಾರ. ಮೂರು ಬಳೆ ಪೂರ್ತಿ, ನಾಲ್ಕನೆಯದು ಅರ್ಧ.

“ಬಿಸಿ ಶಾಖ ಕೊಡಿ, ಅರ್ಧ ಗಂಟೆಗೊಂದ್ಸಲ ಎದ್ದು ಓಡಾಡಿ,” ಎಂದು ಡಾರ್ಸಿ ಕೈ ಒರೆಸಿಕೊಂಡಳು. “ಒಂದು ವಾರದಲ್ಲಿ ಬಿಡುತ್ತೆ. ಬಿಡದೇ ಇದ್ರೆ ಬನ್ನಿ. ಆದ್ರೆ ಇವತ್ತು ಮಾತ್ರ ಬಗ್ಗಿ ಹೊಲೀಬೇಡಿ, ತಿಳೀತಾ?”

ಹಿಂದಿರುಗುವಾಗ ಅಡ್ಡರಸ್ತೆಯಲ್ಲಿ ಪಿಕಪ್ ನಿಲ್ಲಿಸಿ ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಅಂದರೆ ನೋಡಿದೆನೆಂದುಕೊಂಡಳು. ಕಣ್ಣುಗುಡ್ಡೆ ಮಾತ್ರ ತುದಿಯವರೆಗೆ ಹೋಗಿ ನಿಂತಿತ್ತು. ಲವೀನಾ ಆ ದಿನ ಬಿಟ್ಟುಹೋದ ಕನ್ನಡಕಕ್ಕಾಗಿ ಮರಳಿ ಬಂದಿರದಿದ್ದರೆ ಎಂದು ಯೋಚಿಸುತ್ತಾ ಕಾಲನ್ನು ಬ್ರೇಕಿನಿಂದ ತೆಗೆದಳು. ಲವೀನಾ ಅಜ್ಜಿಯ ಗೆಳತಿ, ಚೌಕಟ್ಟಿನಲ್ಲಿ ಅಜ್ಜಿಯ ಎದುರು ಕೂರುತ್ತಿದ್ದವಳು, ಕೈ ನಡುಗಲು ಶುರುವಾದ ಮೇಲೂ. ಅವಳು ಮನೆಗೆ ಹೋದ ಮೇಲೆ ಅವಳ ಸಾಲನ್ನು ಬಿಚ್ಚಿ ಹೊಲಿಯುವುದು, ಬಾಯಿ ಬಿಡದಿರುವುದು. ಸಭೆಯಲ್ಲಿ ಅದು ಮೊದಲಿನಿಂದ ನಡೆದುಬಂದದ್ದು, ಅದನ್ನು ಕರುಣೆ ಎನ್ನುತ್ತಿದ್ದರು. ಕೌದಿ ದೂರದೇಶದ ಹಸಿದವರಿಗಾಗಿ ಹರಾಜಾಗುವುದು, ಅದರಲ್ಲಿ ತಪ್ಪಿರಬಾರದು. ಮುದುಕಿಯ ಮನಸ್ಸೂ ನೋಯಬಾರದು. ಅಜ್ಜಿ ಬಿಚ್ಚುತ್ತಿದ್ದಳು, ಆಗ ಹತ್ತೊಂಬತ್ತರ ಅರ್ಲಾ ನೂಲಿನ ತುಂಡುಗಳನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದಳು, ಬಾಗಿಲು ತೆರೆದು ಲವೀನಾ ನಿಂತಿದ್ದಳು. “ಓ, ಇನ್ನೂ ಕೆಲಸ ಮುಗ್ದಿಲ್ವಾ ನಿಮ್ದು,” ಎಂದಳು ಅಷ್ಟೆ, ಕಿಟಕಿಯ ಕಟ್ಟೆಯಿಂದ ಕನ್ನಡಕ ತೆಗೆದುಕೊಂಡು ಹೋದಳು, ಮತ್ತೆ ಯಾವತ್ತೂ ಬರಲಿಲ್ಲ. ಆ ಸಂಜೆ ಅಜ್ಜಿ ಅರ್ಲಾಳ ಮಣಿಕಟ್ಟು ಹಿಡಿದು ಕೂರಿಸಿದಳು. “ನನ್ನ ಹೊಲಿಗೆ ಕೆಟ್ಟ ದಿನ ನೀನು ಹೇಳ್ಬೇಕು ನಂಗೆ. ಬೇರೆಯವ್ರಲ್ಲ, ನೀನು. ನನ್ನ ಬೆನ್ನ ಹಿಂದೆ ಬಿಚ್ಚಬಾರ್ದು. ಎದುರಿಗೆ ಕೂತು, ಮುಖ ನೋಡಿ ಹೇಳ್ಬೇಕು. ಮಾತು ಕೊಡು.” ಕೊಟ್ಟಿದ್ದಳು. ಅವರ ಸಭೆಯ ಜನ ಆಣೆ ಇಡುವುದಿಲ್ಲ. ಹೌದು ಎಂದರೆ ಹೌದು, ಅದಕ್ಕೇ ಅದು ಆಣೆಗಿಂತ ಭಾರ.

ಕುದುರೆಯ ಕೆನೆತ ಕೇಳಿಸಿತು. ಬ್ರೇಕು ಒತ್ತಿದಾಗ ಕಪ್ಪು ಕುದುರೆಗಾಡಿಯೊಂದು ಎಡಗಡೆಯಿಂದ ಅವಳ ಪಿಕಪ್ಪಿನ ಮೂತಿಯ ಮುಂದೆ, ಎರಡು ಮೊಳ ದೂರದಲ್ಲಿ, ಓರೆಯಾಗಿ ನಿಂತಿತ್ತು. ಕುದುರೆಯ ಕಿವಿ ಹಿಂದಕ್ಕೆ ಮಡಚಿತ್ತು. ಲಗಾಮು ಹಿಡಿದ ಹುಲ್ಲುಟೊಪ್ಪಿಯ ಮುದುಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಈ ಕಡೇನೂ ಒಂದು ರಸ್ತೆ ಇದೆ ತಾಯಿ,” ಎಂದು ಹೇಳಿ ಲಗಾಮು ಸಡಿಲಿಸಿ ಹೋದ. ಅವಳು ಕಿಟಕಿ ಇಳಿಸಿ ಕ್ಷಮೆ ಕೇಳಲು ತಿರುಗಲಾರದೆ, ಖಾಲಿ ರಸ್ತೆಯ ಕಡೆಗೇ ಮುಖ ಮಾಡಿ “ತಪ್ಪಾಯ್ತು” ಎಂದಳು. ಯಾರಿಗೂ ಕೇಳಿಸಿರಲಿಕ್ಕಿಲ್ಲ.

ಊಟಕ್ಕೆ ಬೇಯಿಸಿದ ಮೊಟ್ಟೆ, ಬೀಟ್‌ರೂಟ್ ಉಪ್ಪಿನಕಾಯಿ, ನಿನ್ನೆಯ ಸೂಪು. ಡಾರ್ಸಿ ಏನಂದ್ಲು ಎಂದು ಅಜ್ಜಿ ಕೇಳಿದಳು. ಕಿಟಕಿ ಗಾಳಿ ಅಂದ್ಲು ಎಂದಳು ಅರ್ಲಾ. ಅಜ್ಜಿ ಮೇಜು ಬಡಿದು, “ನೋಡಿದ್ಯಾ, ನಾನು ಫೀಸಿಲ್ಲದೇ ಹೇಳಿದ್ದೆ,” ಎಂದು ಮಗುವಿನಂತೆ ಹಿಗ್ಗಿದಳು. ಒಂದರ ಮೇಲೊಂದು ಸುಳ್ಳು ಎಷ್ಟು ಸಣ್ಣಗೆ, ಎಷ್ಟು ಸಮನಾಗಿ ಬೀಳುತ್ತಿದೆ, ಅಂಗುಲಕ್ಕೆ ಹನ್ನೆರಡು, ಎಂದುಕೊಂಡು ಅರ್ಲಾ ತಟ್ಟೆಗಳನ್ನು ತೆಗೆದಳು. ಅಜ್ಜಿಯ ಕೋಣೆಯ ಮಂಚ ಕಿರುಗುಟ್ಟಿ ಸುಮ್ಮನಾಗುವವರೆಗೆ ಕಾದಳು. ಒಂದು ಗಂಟೆಯಾಗಲು ಹತ್ತು ನಿಮಿಷವಿತ್ತು.

ಮುಂಕೋಣೆಯ ತುಂಬ ಕೌದಿಯೇ. ನಡುವಿನ ದೊಡ್ಡ ನಕ್ಷತ್ರ ಹೊಲಿದು ಮುಗಿದು, ಚೌಕಟ್ಟಿನ ಎರಡೂ ಕಡೆಯ ಕೋಲುಗಳಿಗೆ ಸುತ್ತಿಕೊಂಡು ಮರೆಯಾಗಿತ್ತು. ಕಾಣುತ್ತಿದ್ದದ್ದು ಕೊನೆಯ ಅಂಚು ಮತ್ತು ನಾಲ್ಕನೆಯ ಬಿಳಿಯ ಮೂಲೆ ಮಾತ್ರ. ಬಳೆಯ ಅರ್ಧ ಅವಳ ಸಣ್ಣ ಹೊಲಿಗೆ, ಇನ್ನರ್ಧ ಅಜ್ಜಿಯದು, ನಡುವೆ ಗೆರೆ ಎಳೆದ ಹಾಗೆ. ಅರ್ಲಾ ತನ್ನ ಕುರ್ಚಿಯಲ್ಲಿ ಕೂತಳು. ಕತ್ತು ಎಡಕ್ಕೆ ಬರಲಿಲ್ಲ. ಸೊಂಟದಿಂದ ತಿರುಗಿದಳು, ಆಗ ಕೈ ತಲುಪಿತು, ಕಣ್ಣು ತಲುಪಲಿಲ್ಲ. ಅಂದಾಜಿನ ಮೇಲೆ ಪುಟ್ಟ ಕತ್ತರಿಯ ಮೊನೆಯನ್ನು ಒಂದು ಹೊಲಿಗೆಯ ಕೆಳಗೆ ತೂರಿಸಿ ಕತ್ತರಿಸಿದಳು. ಎರಡನೆಯದು. ಮೂರನೆಯದಕ್ಕೆ ಕಿವಿಯ ಹಿಂದಿನ ಗೆರೆ ಮತ್ತೆ ಹೊತ್ತಿಕೊಂಡು ಕೈ ಜಾರಿತು, ಕತ್ತರಿ ಬಟ್ಟೆಯನ್ನೇ ಕಚ್ಚಿದ ಹಾಗೆ ಸದ್ದಾಯಿತು. ಆರು ವಾರದ ಎಂಟು ಹೆಂಗಸರ ಕೆಲಸ, ಬಿಳಿ ಬಟ್ಟೆಯ ಮೇಲೊಂದು ಸೀಳು. ಬೆರಳಿನಿಂದ ತಡವಿದಳು, ತಡವಿದಳು. ಸೀಳಿರಲಿಲ್ಲ, ನೂಲಿನ ಗಂಟು.

“ನಿಲ್ಲಿಸು, ನಾನು ಮಾಡ್ತೀನಿ.”

ಬಾಗಿಲಲ್ಲಿ ವರ್ನೆಲ್ಡಾ ಚಿಕ್ಕಮ್ಮ. ಈಗ ಚೌಕಟ್ಟಿನ ಯಜಮಾನಿಕೆ ಅವಳದು, ಸೂಜಿ ಎಣಿಸಿ ಕೊಡುವವಳು, ಎಣಿಸಿ ತೆಗೆದುಕೊಳ್ಳುವವಳು. ಒಂದು ಗಂಟೆ ಮೊದಲೇ ಬಂದಿದ್ದಳು. ಬೂಟು ಬಿಚ್ಚಿ, ಸದ್ದಿಲ್ಲದ ಕಾಲುಚೀಲದಲ್ಲಿ ಬಂದು, ಮುಜುಗರವೇ ಇಲ್ಲದೆ ಅಜ್ಜಿಯ ಕುರ್ಚಿಯಲ್ಲಿ ಕೂತು, ಜೇಬಿನಿಂದ ತನ್ನ ಕತ್ತರಿ ತೆಗೆದಳು. “ಹೀಗೆ ಮುಖ ಮಾಡ್ಬೇಡ ಕಣೇ. ನಮ್ಗೆಲ್ಲ ಎರಡನೇ ವಾರದಿಂದ್ಲೇ ಗೊತ್ತು. ಬೆಳಿಗ್ಗೆ ಬಂದ್ರೆ ಹಿಂದಿನ ದಿನ ಸಲೋಮಕ್ಕ ಹೊಲಿದ ಜಾಗ ದೇವದೂತರು ಬಂದು ತಿದ್ದಿ ಹೋದ ಹಾಗಿರುತ್ತೆ. ಯಾರಪ್ಪಾ ಆ ದೇವದೂತ ಅಂತ ಕಾರಲ್ಲಿ ನಕ್ಕೂ ನಕ್ಕೂ ಸಾಕಾಯ್ತು.”

“ಎಲ್ಲರಿಗೂ ಗೊತ್ತಾ?”

“ಅವರೊಬ್ಬರಿಗೆ ಬಿಟ್ಟು,” ಎಂದಳು ವರ್ನೆಲ್ಡಾ, ಚಕಚಕನೆ ಕತ್ತರಿಸುತ್ತಾ. “ಒಳ್ಳೇ ಕೆಲಸಾನೇ ಮಾಡಿದೀಯ. ನಾಚ್ಕೊಳ್ಳೋದೇನಿದೆ? ಮುಂದಿನ ಕೌದಿಗೆ ಸಲೋಮಕ್ಕನಿಗೆ ಸೂಜಿಗೆ ನೂಲು ಪೋಣಿಸೋ ಕೆಲಸ ಕೊಡೋಣ. ಅಲ್ಲ, ಕಣ್ಣು ಕಾಣಲ್ಲ, ಅದೂ ಆಗಲ್ಲ. ಕಾಫಿ ಕಾಸ್ಲಿ. ಏನೋ ಒಂದು ನೆಪ ಹೇಳಿದ್ರಾಯ್ತು. ಲವೀನಾಗೂ ನಾವು ಹೀಗೇ ಮಾಡ್ಲಿಲ್ವಾ? ಪಾಪ, ಕೊನೇ ತನಕ ಅವಳಿಗೆ ಗೊತ್ತೇ ಆಗ್ಲಿಲ್ಲ.”

ಲವೀನಾಗೆ ಗೊತ್ತಾಗಿತ್ತು. ಕೋಣೆ ಬೆಚ್ಚಗಿತ್ತು, ವರ್ನೆಲ್ಡಾಳ ದನಿಯೂ ಬೆಚ್ಚಗಿತ್ತು. ಆ ಬಿಸುಪಿನಲ್ಲಿ ಅರ್ಲಾಳಿಗೆ ಆರು ವಾರದ ಎಲ್ಲ ಬೆಳಗುಗಳು ಒಟ್ಟಿಗೆ ಕಂಡವು: ಎಂಟು ಕುರ್ಚಿ, ಎಂಟು ತಲೆ ಬಗ್ಗಿವೆ, ಅಜ್ಜಿ ಗೂಬೆ ಬಾತುಗಳ ಕಥೆ ಹೇಳುತ್ತಾ ಕಾಲ್ಬೆರಳು ಸಿಕ್ಕುವ ಹೊಲಿಗೆ ಹಾಕುತ್ತಿದ್ದಾಳೆ, ಆರು ಜೊತೆ ಕಣ್ಣುಗಳು ಅವಳ ತಲೆಯ ಮೇಲಿಂದ ಒಂದನ್ನೊಂದು ನೋಡಿಕೊಳ್ಳುತ್ತಿವೆ. ತಾನು ನೋಡಿರಲಿಲ್ಲ. ತಾನು ಎಡಕ್ಕೆ ನೋಡುವುದನ್ನೇ ಬಿಟ್ಟಿದ್ದಳು. ಮಧ್ಯಾಹ್ನ ಕದ್ದು ಅಷ್ಟು ತಿರುಚಿದ ಕತ್ತನ್ನು ಬೆಳಿಗ್ಗೆ ಒಮ್ಮೆಯೂ ಅತ್ತ ತಿರುಗಿಸಿರಲಿಲ್ಲ. ಕಿಟಕಿಯ ಗಾಳಿ ಎಂದು ಈಗಲೂ ಹೇಳಬಹುದಿತ್ತು.

ನಡುಮನೆಯಲ್ಲಿ ಊರುಗೋಲಿನ ಸದ್ದಾಯಿತು. ವರ್ನೆಲ್ಡಾಳ ಕತ್ತರಿ ಕಣ್ಣು ಮಿಟುಕಿಸುವಷ್ಟರಲ್ಲಿ ಜೇಬಿಗೆ ಹೋಯಿತು, ನೂಲಿನ ತುಂಡುಗಳು ಅವಳ ಮುಷ್ಟಿಗೆ. ಎದ್ದು ಕುರ್ಚಿಯನ್ನು ಮೊದಲಿದ್ದಂತೆಯೇ ಇಟ್ಟಳು. ಬಿಚ್ಚಿದ್ದು ಬಳೆಯ ಕಾಲುಭಾಗವೂ ಇರಲಿಲ್ಲ.

“ಯಾರೋ ಬಂದ ಹಾಗಿತ್ತು,” ಎಂದಳು ಅಜ್ಜಿ, ಬಾಗಿಲ ಚೌಕಟ್ಟಿನ ಕಡೆ ಮುಖ ಮಾಡಿ.

“ನಾನೇ ಸಲೋಮಕ್ಕ, ವರ್ನೆಲ್ಡಾ. ಬೇಗ ಬಂದ್ಬಿಟ್ಟೆ. ನಿಮ್ಮ ಗರಿಗಳನ್ನೇ ನೋಡ್ತಾ ನಿಂತಿದ್ದೆ ನೋಡಿ. ಏನು ಕೈ ಅಕ್ಕ ನಿಮ್ಮದು! ಈ ವಯಸ್ನಲ್ಲಿ!”

ಅಜ್ಜಿಯ ಮುಖ ನಿಧಾನವಾಗಿ ಬೆಳಗಿತು. ಬಲೆಟೊಪ್ಪಿಯ ಕೆಳಗೆ ಆ ಸಣ್ಣ ಕತ್ತು ಒಂದು ಅಂಗುಲ ನೆಟ್ಟಗಾಯಿತು. ಬಂದು ತನ್ನ ಕುರ್ಚಿಯನ್ನು ಮೊಳಕಾಲಿನಿಂದ ಗುರುತಿಸಿ ಕೂತು, ಏಪ್ರನ್ನಿನ ಜೇಬಿನಿಂದ ಮಡಚಿದ ಕಾಗದ ತೆಗೆದಳು. ಅದರಲ್ಲಿ ನೀಲಿ ನೂಲು ಸುತ್ತಿತ್ತು. “ಇದಕ್ಕೇ ನಿದ್ದೆ ಬರ್ಲಿಲ್ಲ. ಕೌದಿ ಹಿಂಬದಿಯ ಮೂಲೇಲಿ ನನ್ನ ಹೆಸರಿನ ಎರಡು ಅಕ್ಷರ, ಇಸವಿ. ಪ್ರತಿ ಸಲ ನಾನೇ ಹಾಕ್ತಿದ್ದೆ. ಈ ಸಲ ಅಕ್ಷರ ವಾಲಿದ್ರೆ ಅಂತ ಭಯ. ಬಳೆಗಳು ಇಷ್ಟು ಚೆನ್ನಾಗಿ ಬಂದಿವೆ ಅಂದ್ಮೇಲೆ ಹೆಸರು ಅಡ್ಡಾದಿಡ್ಡಿ ಆಗ್ಬಾರ್ದಲ್ಲ. ಅರ್ಲಾ, ನೀನು ಹಾಕ್ತೀಯಾ, ಕಂದಾ?”

“ಹಾಕ್ತಾಳೆ, ಯಾಕ್ ಹಾಕಲ್ಲ,” ಎಂದಳು ವರ್ನೆಲ್ಡಾ.

ನೂಲು ಅರ್ಲಾಳ ಬಲಗೈಗೆ ಬಂದಿತ್ತು. ಅಜ್ಜಿ ಕಿಟಕಿಯ ಕಡೆ ಮುಖ ಹೊರಳಿಸಿದ್ದಳು, ಅಂದರೆ ಇವಳನ್ನು ನೋಡುತ್ತಿದ್ದಳು. ಇವಳು ನೇರ ಮುಂದಕ್ಕೆ, ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತಿದ್ದಳು. ಗೋಡೆಯ ಗಡಿಯಾರದಲ್ಲಿ ಒಂದೂ ಇಪ್ಪತ್ತು. ಈಗ ಸುಮ್ಮನೆ ನೂಲು ಪೋಣಿಸಬಹುದು. ಎರಡು ಅಕ್ಷರ, ನಾಲ್ಕು ಅಂಕಿ. ಮಿಕ್ಕ ಹೊಲಿಗೆಯನ್ನು ಅಜ್ಜಿ ಕಾಫಿ ಕುಡಿಯುವಾಗ ವರ್ನೆಲ್ಡಾ ಬಿಚ್ಚುತ್ತಾಳೆ, ಟ್ರಕ್ಕು ಬರುತ್ತದೆ, ಶನಿವಾರ ಹರಾಜಿನವನು ಕೌದಿಯನ್ನು ಎತ್ತಿ ಹಿಡಿದು ಸಲೋಮಿ ಬ್ರೂಬೇಕರ್ ಅವರ ಗರಿಗಳು ಎಂದು ಕೂಗುತ್ತಾನೆ, ಡೇರೆಯ ತುಂಬ ಜನ ಚಪ್ಪಾಳೆ ತಟ್ಟುತ್ತಾರೆ, ಗೊತ್ತಿದ್ದವರು ಹೆಚ್ಚು ಜೋರಾಗಿ ತಟ್ಟುತ್ತಾರೆ. ಆ ಚಪ್ಪಾಳೆಯ ನಡುವೆ ಅಜ್ಜಿ ಯಾರನ್ನೂ ನೋಡದಂತೆ ಎಲ್ಲರನ್ನೂ ನೋಡುತ್ತಾ ನಿಂತಿರುತ್ತಾಳೆ. ಕತ್ತು ಒಂದು ವಾರದಲ್ಲಿ ಬಿಡುತ್ತದೆ.

ಅರ್ಲಾ ಎದ್ದಳು. ಕುರ್ಚಿಯನ್ನು ಹಿಂದಕ್ಕೆಳೆದು, ಎರಡೂ ಕೈಯಲ್ಲಿ ಎತ್ತಿ, ಕಾಲುಗಳು ನೆಲಕ್ಕೆ ಬಡಿಯುವಂತೆ ಅಜ್ಜಿಯ ಎದುರಿಗೇ ಇಟ್ಟಳು. ಕತ್ತನ್ನು ಕದಲಿಸದೆ ಭುಜ, ಸೊಂಟ, ಪಾದ ಎಲ್ಲವನ್ನೂ ಒಟ್ಟಿಗೆ ತಿರುಗಿಸಿ ಕೂತಳು. ಇಬ್ಬರ ಮೊಳಕಾಲುಗಳು ತಾಗಿದವು.

“ಅರ್ಲಾ,” ಎಂದಳು ವರ್ನೆಲ್ಡಾ. ದನಿಯಲ್ಲಿದ್ದ ಬಿಸುಪು ಆರಿತ್ತು. “ಅರ್ಲಾ, ಕಾಫಿಗೆ ನೀರಿಡು ಹೋಗು.”

“ಅಜ್ಜೀ, ನಿನ್ನ ಹೊಲಿಗೆ ಕೆಟ್ಟಿದೆ.”

ವರ್ನೆಲ್ಡಾ ಮುಷ್ಟಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಳು, ಬೈಗುಳ ಕಾಯುವ ಶಾಲೆಯ ಹುಡುಗಿಯ ಹಾಗೆ. ಅಜ್ಜಿಯ ಕೈ ತೊಡೆಯ ಮೇಲೆ ಒಂದು ಸಲ ಮಡಚಿ ಬಿಚ್ಚಿತು. “ಅಂಗುಲಕ್ಕೆ ಎಷ್ಟು?”

“ನಾಲ್ಕು. ಕೆಲವು ಕಡೆ ಮೂರು.”

“ಮೂರು,” ಎಂದಳು ಅಜ್ಜಿ. ತುಟಿಯನ್ನು ಒಳಗೆಳೆದುಕೊಂಡಳು. “ಕಾಲ್ಬೆರಳಲ್ಲ, ಇಡೀ ಪಾದ ಸಿಕ್ಕಿಕೊಳ್ಳುತ್ತೆ. ಯಾವಾಗಿಂದ?”

“ಮೊದಲನೇ ಬಳೆಯಿಂದ.”

“ಬಿಚ್ಚಿದ್ದು ಯಾರು?”

“ನಾನು. ನೀನು ಮಲಗಿದ್ದಾಗ. ದಿನಾ.” “ಕಿಟಕಿ ಗಾಳಿ ಅಂತ ಡಾರ್ಸಿ ಹೇಳ್ಲಿಲ್ಲ,” ಎಂದೂ ಸೇರಿಸಿದಳು.

ಅಜ್ಜಿ ಮುಖವನ್ನು ಕಿಟಕಿಯ ಕಡೆಗೆ ಇನ್ನಷ್ಟು ಹೊರಳಿಸಿ, ಕಣ್ಣಂಚಿನಿಂದ ಅವಳನ್ನು ನೋಡಿದಳು. “ಆರು ವಾರದಿಂದ ನಿನ್ನ ಕಿವಿಯೊಂದೇ ಕಾಣ್ತಿತ್ತು ನಂಗೆ,” ಎಂದಳು. “ಕಣ್ಣು ಅಂಚಲ್ಲೂ ಹೋಯ್ತು, ಇನ್ನು ಇವಳ ಮುಖವೂ ಇಲ್ಲ ಅಂತ ಅಂದ್ಕೊಂಡಿದ್ದೆ. ಯಾರಿಗೂ ಹೇಳಿರ್ಲಿಲ್ಲ.” ಆಮೇಲೆ ಅಂಗೈಯನ್ನು ಮುಂದೆ ಚಾಚಿದಳು. “ಕತ್ತರಿ ಕೊಡು. ವರ್ನೆಲ್ಡಾ, ನಿನ್ನ ಜೇಬಲ್ಲಿರೋದಲ್ಲ, ಅದು ದೊಡ್ಡದು. ಇವಳದು.”

ಅರ್ಲಾ ಪುಟ್ಟ ಕತ್ತರಿಯನ್ನು ಆ ಅಂಗೈಯಲ್ಲಿಟ್ಟಳು.

“ನನ್ನ ಹೊಲಿಗೆ ನಾನು ಬಿಚ್ತೀನಿ. ಮೇಲೆ ನೀನು ಹೊಲಿ. ಟ್ರಕ್ಕಿನವನು ಬೇಕಾದ್ರೆ ಕಾಯ್ಲಿ, ಅವನಿಗೆ ತಿನ್ನೋಕೆ ಸೇಬಿನ ಪೈ ಕೊಟ್ಟು ಕೂರಿಸು. ಎಲ್ಲಿಂದ ಕೆಟ್ಟಿದೆ, ತೋರಿಸು.”

ಅರ್ಲಾ ಅಜ್ಜಿಯ ತೋರುಬೆರಳನ್ನು ಹಿಡಿದು, ಬಿಳಿಯ ಬಟ್ಟೆಯ ಮೇಲೆ ನಡೆಸಿಕೊಂಡು ಹೋಗಿ, ಸಣ್ಣ ಹೊಲಿಗೆ ಮುಗಿದು ದೊಡ್ಡದು ಶುರುವಾಗುವ ಜಾಗದಲ್ಲಿ ಇಟ್ಟಳು. ಬೆರಳು ಅಲ್ಲೇ ನಿಂತು, ಹಿಂದೆ ಮುಂದೆ ಒಂದೆರಡು ಸಲ ಓಡಾಡಿ, ತನ್ನದನ್ನು ಗುರುತಿಸಿತು. ಅಜ್ಜಿ ಮೊನೆಯನ್ನು ಅದರ ಕೆಳಗೆ ತೂರಿಸಿ ಕತ್ತರಿಸಿದಳು.